ಹದಿಮೂರು ಮೆಟ್ಟಿಲಿಗೆ ಆರು ಗುರುತು

ಟೈಲರ್ ಒಂದು ಮೊಳೆ ಹೊಡೆದರೆ ಅದು ಇಡೀ ಬೀದಿಗೆ ಗೊತ್ತಾಗಬೇಕು. ಹಾಗಿತ್ತು ಅವನ ಸ್ವಭಾವ. ಎರಡು ತಿಂಗಳ ಹಿಂದೆ ಈ ಹಳೆಯ ಮನೆಗೆ ಬಂದಾಗ, "ಮೆಟ್ಟಿಲು ಅಲ್ಲಾಡುತ್ತೆ, ಕಿಟಕಿ ಲಡ್ಡಾಗಿದೆ, ಯಾರಾದ್ರೂ ಬಡಗೀನ ಕರೆಸೋಣ" ಎಂದು ಹೆಂಡತಿ ಹೇಳಿದ್ದಳು. "ಬಡಗಿ ಯಾಕೆ, ನಾನೇನು ಸತ್ತಿದ್ದೀನಾ? ಬಟ್ಟೆ ಆದ್ರೇನು, ಹಲಗೆ ಆದ್ರೇನು, ಅಳತೆ ಅಳತೇನೇ" ಎಂದು ಟೊಂಕ ಕಟ್ಟಿ ನಿಂತವನು ಅವನೇ. ಅಂದಿನಿಂದ ಅಂಗಡಿಗೆ ಬಂದ ಗಿರಾಕಿಗಳಿಗೆ ಅವರ ಪ್ಯಾಂಟಿನ ಉದ್ದಕ್ಕಿಂತ ಇವನ ಮೆಟ್ಟಿಲಿನ ಅಗಲವೇ ಹೆಚ್ಚು ಬಾಯಿಪಾಠವಾಗಿತ್ತು.

ಇದನ್ನೆಲ್ಲ ಕೇಳಿ ಮೂಗು ಮುರಿಯುತ್ತಿದ್ದವರು ಒಬ್ಬರೇ, ಅತ್ತೆ. ಹೆಂಡತಿಯ ತಾಯಿ. ಮಂಡಿನೋವು, ಭಾರದ ದೇಹ, ಹರಿತವಾದ ನಾಲಗೆ. ಕೆಳಗಿನ ಕೋಣೆಯಲ್ಲಿ ಅವರ ವಾಸ. ಹಗಲೆಲ್ಲ ಮೆಟ್ಟಿಲಿನ ಬುಡದಲ್ಲೇ ಬೆತ್ತದ ಕುರ್ಚಿ ಹಾಕಿಕೊಂಡು, ಪರೀಕ್ಷಾ ಕೊಠಡಿಯ ಮೇಲ್ವಿಚಾರಕರ ಹಾಗೆ ಅಳಿಯನ ಕೆಲಸ ನೋಡುತ್ತಿದ್ದರು.

"ಅಳಿಯಂದ್ರೇ, ನೀವು ಹೊಲಿದ ಬಟ್ಟೆ ಕಣ್ಣು ಮುಚ್ಕೊಂಡು ಹಾಕ್ಕೋತೀನಿ. ನೀವು ಮಾಡಿದ ಮೆಟ್ಟಿಲ ಮೇಲೆ ಮಾತ್ರ ಈ ಜನ್ಮದಲ್ಲಿ ಕಾಲಿಡಲ್ಲ," ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದರು. ಆ ಮಾತು ಅವನಿಗೆ ಚೆನ್ನಾಗಿಯೇ ನಾಟಿತ್ತು.

ಕೆಲಸ ಶುರುವಾದದ್ದು ಮೇಲಿನ ಕೋಣೆಯ ಕಿಟಕಿಯಿಂದ. ಅದರ ಚೌಕಟ್ಟು ಗೆದ್ದಲು ಹಿಡಿದು ಪುಡಿಪುಡಿಯಾಗಿತ್ತು. ಆರು ದೊಡ್ಡ ಗಾಜುಗಳನ್ನು ಬಿಡಿಸಿ ಕೆಳಗೆ ತಂದು, ಯಾರೂ ಸುಳಿಯದ ಜಾಗವೆಂದು ಮೆಟ್ಟಿಲಿನ ಅಡಿಯಲ್ಲೇ, ಮರದ ಸ್ಟ್ಯಾಂಡಿನಲ್ಲಿ ನೆಟ್ಟಗೆ ಸಾಲಾಗಿ ನಿಲ್ಲಿಸಿದ. ಬೋಳಾದ ಕಿಟಕಿಗೆ ಪ್ಲೈವುಡ್ ಹಾಕಿದ. "ಜೋರು ಗಾಳಿ ಬಂದ್ರೆ ಇದು ಹಾರ್ಕೊಂಡು ಹೋಗುತ್ತೆ" ಎಂದು ಅತ್ತೆ ಕೆಳಗಿನಿಂದಲೇ ಅಂದದ್ದೇ ತಡ, ಹಟಕ್ಕೆ ಬಿದ್ದು ಅದಕ್ಕೆ ಮೂವತ್ತನಾಲ್ಕು ಸ್ಕ್ರೂ ಬಿಗಿದ. ಮೆಟ್ಟಿಲಿಗೆಂದು ತಂದಿದ್ದ ಸ್ಕ್ರೂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಕಿಟಕಿಯ ಪಾಲಾದವು.

ಮೆಟ್ಟಿಲುಗಳು ಹದಿಮೂರು. ಒಂದು ಬದಿಗೆ ಗೋಡೆ, ಇನ್ನೊಂದು ಬದಿ ಬಯಲು. ಹಿಡಿದುಕೊಳ್ಳುವ ಕಟಕಟೆಯನ್ನು ಪಾಲಿಶ್ ಮಾಡಲೆಂದು ಬಿಚ್ಚಿಟ್ಟಾಗಿತ್ತು. ಎರಡು ಪಕ್ಕದ ತೊಲೆಗಳ ಒಳಮೈಗೆ ಒಂದೊಂದು ಮೆಟ್ಟಿಲಿಗೂ ಪಕ್ಕಕ್ಕೊಂದರಂತೆ ಎರಡು ಮರದ ಪಟ್ಟಿ, ಆ ಪಟ್ಟಿಗಳ ಮೇಲೆ ಹಲಗೆ. ಹತ್ತುವವರ ಭಾರವೆಲ್ಲ ಪಟ್ಟಿಗಳ ಮೇಲೆಯೇ. ಬಡಗಿಯಾಗಿದ್ದರೆ ಒಂದು ಮೆಟ್ಟಿಲನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗುತ್ತಿದ್ದ. ಇವನು ಟೈಲರ್. ಮೊದಲು ಎಲ್ಲ ಕಡೆ ಕಚ್ಚಾ ಹೊಲಿಗೆ, ಒಮ್ಮೆ ತೊಡಿಸಿ ನೋಡುವುದು, ಆಮೇಲೆ ಪಕ್ಕಾ ಹೊಲಿಗೆ. ಅದೇ ಲೆಕ್ಕದಲ್ಲಿ ಹದಿಮೂರು ಮೆಟ್ಟಿಲಿನ ಹೊಸ ಪಟ್ಟಿಗಳನ್ನೂ ಸಣ್ಣ ಮೊಳೆಗಳಿಂದ ಕಚ್ಚಿಸಿ, ಹಲಗೆ ಕೂರಿಸಿ, ದೂರ ನಿಂತು ನೋಡಿ ತಲೆದೂಗಿದ. ನಂತರ ಸ್ಕ್ರೂ ಹಾಕಿದ್ದೂ ಪ್ಯಾಂಟಿನ ಅಂಚಿಗೆ ಪಿನ್ನು ಹಾಕುವ ಕ್ರಮದಲ್ಲಿಯೇ: ಮೊದಲು ನಡುವಿನ ಮೆಟ್ಟಿಲಿಗೆ, ಆಮೇಲೆ ಮೇಲಿನ ಕೆಳಗಿನ ತುದಿಯವಕ್ಕೆ, ಉಳಿದವಕ್ಕೆ ಕೈಗೆ ಬಂದ ಹಾಗೆ.

ಏಳು ಮೆಟ್ಟಿಲು ಮುಗಿಯುವಷ್ಟರಲ್ಲಿ ಸ್ಕ್ರೂ ಖಾಲಿ. ಅದು ಭಾನುವಾರದ ಸಂಜೆ. ಟೈಲರ್ ಜೇಬಿನ ಪೆನ್ನು ತೆಗೆದು ಬಾಕಿ ಉಳಿದ ಆರು ಹಲಗೆಗಳ ಮೇಲೂ ದೊಡ್ಡದಾಗಿ ನೇರಳೆ ಬಣ್ಣದ ಕತ್ತರಿ ಗುರುತು ಎಳೆದ. ಮನೆಯವರನ್ನೆಲ್ಲ ಕರೆದು ನಿಲ್ಲಿಸಿ ಭಾಷಣ ಮಾಡಿದ.

"ಗುರುತು ಇರೋ ಮೆಟ್ಟಿಲು ಯಾರೂ ತುಳೀಬಾರ್ದು, ದಾಟಿ ಹೋಗ್ಬೇಕು. ಗುರುತು ಇಲ್ದೇ ಇರೋದು ಬಂಡೆ ಇದ್ದ ಹಾಗೆ. ಕುಣಿದ್ರೂ ಏನೂ ಆಗಲ್ಲ."

ಏಳು ವರ್ಷದ ಮಗಳು ಚೂಟಿಗೆ ಅದು ಹೊಸ ಆಟವಾಯಿತು. ಗುರುತು ಬಂದಲ್ಲಿ ಹಾರುವುದು, ಇಲ್ಲದಲ್ಲಿ ಕುಣಿಯುವುದು. ಅತ್ತೆ ಮಾತ್ರ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

ಸೋಮವಾರ ಸ್ಕ್ರೂ ತರುವುದೆಂದಿದ್ದ. ಆದರೆ ಒಂದು ಹೋಟೆಲಿನ ಸಿಬ್ಬಂದಿಗೆಲ್ಲ ಸಮವಸ್ತ್ರ ಹೊಲಿಯುವ ಕೆಲಸ ತಲೆಯ ಮೇಲೆ ಬಂದು ಕೂತಿತು. ಎರಡು ದಿನ ಹೊತ್ತು ಮೀರಿ ಮನೆಗೆ ಬಂದು, ಮೇಲೆ ಹತ್ತುವ ತ್ರಾಣವಿಲ್ಲದೆ ಕೆಳಗಿನ ಸೋಫಾದ ಮೇಲೆಯೇ ಬಿದ್ದುಕೊಂಡ. ಮೆಟ್ಟಿಲಿನ ಕಡೆ ತಿರುಗಿಯೂ ನೋಡಲಿಲ್ಲ.

ಬುಧವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಟೆಲಿನ ಮ್ಯಾನೇಜರ್ ತನ್ನ ಪ್ಯಾಂಟನ್ನು ತೊಟ್ಟು ನೋಡಲು ಅಂಗಡಿಗೆ ಬಂದ. ಅವನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಟೈಲರ್ ಮಂಡಿಯೂರಿ ಕೂತು, ಎಡಗಾಲಿನ ಅಂಚನ್ನು ಮಡಿಸಿ ಪಿನ್ನು ಹಾಕಿದ. ಬಲಗಾಲಿಗೆ ಬರುವ ಮುನ್ನ ಜೇಬಿನಿಂದ ಪೆನ್ನು ತೆಗೆದು ಗೆರೆ ಎಳೆದ.

"ಅಯ್ಯೋ, ಪೆನ್ನಲ್ಲಿ ಗೀಚ್ತೀರಲ್ಲ! ಕಲೆ ಉಳಿಯಲ್ಲ ತಾನೇ?" ಎಂದು ಮ್ಯಾನೇಜರ್ ಗಾಬರಿಯಾದ.

ಈ ಪ್ರಶ್ನೆಗೆ ಉತ್ತರ ಟೈಲರ್‌ಗೆ ನಾಲಗೆಯ ತುದಿಯಲ್ಲೇ ಇತ್ತು. ದಿನಕ್ಕೆ ಹತ್ತು ಸಲ ಹೇಳುವ ಉತ್ತರ.

"ಏನೂ ಯೋಚನೆ ಬೇಡಿ ಸಾರ್. ಟೈಲರ್ ಪೆನ್ನು ಇದು. ನೀರು ಬೇಡ, ಸೋಪು ಬೇಡ, ಎರಡೇ ದಿನ, ತಾನಾಗೇ ಮಾಯ ಆಗಿಬಿ..."

ಮಾತು ಅಲ್ಲಿಗೇ ನಿಂತಿತು. ಕೈಯಲ್ಲಿದ್ದ ಪೆನ್ನನ್ನೇ ನೋಡಿದ. ನೇರಳೆ. ಭಾನುವಾರ ಸಂಜೆ, ಸೋಮವಾರ, ಮಂಗಳವಾರ ಎಂದು ಎಣಿಸಿದ.

ಬರೀ ಗುರುತು ಮಾಸಿದ್ದಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಆದರೆ ಗುರುತು ಇಲ್ಲದಿದ್ದರೆ ಬಂಡೆ ಎಂದು ಅವನೇ ಹೇಳಿಕೊಟ್ಟಿದ್ದ. ಕುಣಿದರೂ ಏನೂ ಆಗುವುದಿಲ್ಲ ಎಂದು ಅವನ ಬಾಯಿಂದಲೇ ಬಂದಿತ್ತು. ಹೆಂಡತಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಳಗಿನ ಪಾಳಿಗೆ ಹೋಗಿದ್ದಳು, ಅಲ್ಲಿ ಫೋನು ಒಳಗೆ ಬಿಡುವುದಿಲ್ಲ. ಶಾಲೆಯಲ್ಲಿ ನೀರಿನ ಪೈಪು ಒಡೆದು ಚೂಟಿಗೆ ಅಂದು ರಜೆ. ಅವಳು ಮನೆಯಲ್ಲಿದ್ದಳು.

ಟೈಲರ್ ಅತ್ತೆಯ ಫೋನಿಗೆ ಕರೆ ಮಾಡಿದ. ಒಂದು ಸಲ ರಿಂಗಾಯಿತು. ಎರಡು. ಮೂರು. ಎತ್ತಿ ಅತ್ತೆ, ಎತ್ತಿ, ಎಂದು ಗೊಣಗುತ್ತಿದ್ದವನಿಗೆ ನಾಲ್ಕನೆಯ ರಿಂಗಿಗೆ ಇನ್ನೊಂದು ನೆನಪಾಯಿತು. ರಿಪೇರಿಗೆಂದು ಮನೆಯ ವೈರಿಂಗ್ ಬಿಚ್ಚಿದ ಮೇಲೆ ಕರೆಂಟು ಇರುವ ಸಾಕೆಟ್ಟು ಮೇಲಿನ ಕೋಣೆಯಲ್ಲಿ ಒಂದೇ. ಅತ್ತೆಯ ಫೋನು ಚಾರ್ಜಿಗೆ ಇರುವುದು ಅಲ್ಲಿ. ಚೂಟಿ ಆಡುವುದೂ ಅಲ್ಲೇ. "ಫೋನ್ ಬಂದ್ರೆ ನೀನು ಮಾತಾಡ್ಬೇಡ, ಓಡಿ ಹೋಗಿ ಅಜ್ಜಿಗೆ ಕೊಡು" ಎಂದು ಅವಳಿಗೆ ಕಲಿಸಿದವನೂ ಅವನೇ.

ಸುಟ್ಟ ಕೈಯನ್ನು ಎಳೆದುಕೊಳ್ಳುವವನ ಹಾಗೆ ಕರೆ ಕತ್ತರಿಸಿದ. ಅಷ್ಟರಲ್ಲಿ ಅದು ಐದು ಸಲ ಬಾರಿಸಿ ಆಗಿತ್ತು.

"ಏನ್ರೀ ಇದು, ಒಂದು ಕಾಲು ಉದ್ದ ಒಂದು ಕಾಲು ಗಿಡ್ಡ ಮಾಡಿ ಎಲ್ಲಿಗೆ ಹೊರಟ್ರಿ?" ಎಂದು ಸ್ಟೂಲಿನ ಮೇಲಿಂದ ಮ್ಯಾನೇಜರ್ ಕೂಗುತ್ತಿದ್ದ. ಟೈಲರ್ ಆಗಲೇ ಸ್ಕೂಟರ್ ಹತ್ತಿದ್ದ. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು.

ಮನೆಗೆ ಎಂಟು ನಿಮಿಷದ ದಾರಿ. ದಾರಿಯುದ್ದಕ್ಕೂ ಅವನು ಒಂದೇ ಕೆಲಸ ಮಾಡಿದ, ಯಾವ ಆರು ಎಂದು ನೆನಪಿಸಿಕೊಳ್ಳಲು ಒದ್ದಾಡಿದ. ಎರಡನೆಯದು, ಅದು ಖಂಡಿತ. ಹತ್ತನೆಯದೋ ಒಂಬತ್ತನೆಯದೋ? ಒಂಬತ್ತಕ್ಕೆ ಸ್ಕ್ರೂ ಹಾಕುವಾಗ ಡ್ರಿಲ್ಲು ಜಾರಿದ್ದು ನೆನಪಿತ್ತು. ಅದು ಎಂಟಕ್ಕೂ ಇದ್ದೀತು. ನೂರು ಜನರ ಸೊಂಟದ ಅಳತೆ ಬಾಯಲ್ಲಿ ಇಟ್ಟುಕೊಂಡವನಿಗೆ ತನ್ನ ಮನೆಯ ಆರು ಮೆಟ್ಟಿಲು ನೆನಪಾಗಲಿಲ್ಲ. ಕಣ್ಣಿಗೆ ಬರುತ್ತಿದ್ದದ್ದು ಮೆಟ್ಟಿಲಿನ ಅಡಿಯ ಗಾಜುಗಳು ಮಾತ್ರ, ಅಂಚು ಮೇಲಾಗಿ ನಿಂತ ಆರು ಗಾಜು. ಸಿಗ್ನಲ್ಲಿನಲ್ಲಿ ಪಕ್ಕದಲ್ಲಿ ನಿಂತವನು ಇವನ ಮುಖ ನೋಡಿ, "ಹುಷಾರಿಲ್ವಾ?" ಎಂದು ಕೇಳಿದ. ಹಸಿರು ದೀಪ ಬೀಳುವ ಮುನ್ನವೇ ಟೈಲರ್ ಸ್ಕೂಟರ್ ಮುಂದಕ್ಕೆ ನುಗ್ಗಿಸಿದ.

ಬಾಗಿಲು ತಳ್ಳಿದ. ಮೊದಲು ಕಣ್ಣಿಗೆ ಬಿದ್ದದ್ದು ಬೆತ್ತದ ಕುರ್ಚಿ. ಅದು ಖಾಲಿಯಿತ್ತು. ನೆಲದ ತುಂಬ ಗಾಜಿನ ಚೂರು.

"ಅಲ್ಲೇ ನಿಂತ್ಕೊಳ್ಳಿ. ಮೆಟ್ಟಿಲು ಮುಟ್ಬೇಡಿ," ಎಂದಿತು ಒಂದು ದನಿ. ಅತ್ತೆಯದೇ. ಆದರೆ ಅಷ್ಟು ಮೆಲ್ಲಗಿನ ದನಿ ಅವರಲ್ಲಿ ಇದೆಯೆಂದೇ ಅವನಿಗೆ ಗೊತ್ತಿರಲಿಲ್ಲ.

ಅತ್ತೆ ಆರನೆಯ ಮೆಟ್ಟಿಲ ಮೇಲೆ, ಗೋಡೆಗೆ ಎರಡೂ ಅಂಗೈ ಒತ್ತಿ, ಮುಖವನ್ನೂ ಗೋಡೆಗೇ ಆನಿಸಿ ನಿಂತಿದ್ದರು. ಅವರ ಹಿಂದೆ ಐದನೆಯ ಹಲಗೆ ಇರಲಿಲ್ಲ, ಅಲ್ಲಿ ಬರೀ ಕಂಡಿ. ಮೇಲೆ, ತುದಿಯಿಂದ ಎರಡನೆಯ ಮೆಟ್ಟಿಲಲ್ಲಿ, ಚೂಟಿ ಮುದುಡಿಕೊಂಡು ಕೂತಿದ್ದಳು. ಕೈಯಲ್ಲಿ ಫೋನು. ಹಲಗೆಗಳು ಹೊಸದಾಗಿ, ನುಣ್ಣಗೆ, ಚೊಕ್ಕವಾಗಿದ್ದವು. ಒಂದರ ಮೇಲೂ ಒಂದು ಗೆರೆಯಿಲ್ಲ.

"ಫೋನ್ ಬಾರಿಸ್ತು, ಇವಳು ಅಜ್ಜೀ ಅಂತ ಓಡಿ ಬಂದ್ಲು. ಅಲ್ಲೇ ಕೂತ್ಕೋ ಅಂತ ಕೂಗಿದೆ. ಕೂತ್ಲು, ಮೆಟ್ಟಿಲು ಅಲ್ಲಾಡ್ತು, ಹೆದರಿ ಅಳೋಕೆ ಶುರು ಮಾಡಿದ್ಲು. ಎತ್ಕೊಂಡು ಬರೋಣ ಅಂತ ಬದಿಗೆ ಕಾಲಿಟ್ಕೊಂಡು ಹತ್ತಿದೆ," ಎಂದರು ಅತ್ತೆ ಗೋಡೆಗೆ ಹೇಳುವಂತೆ. "ಇಲ್ಲಿಗೆ ಬರೋಷ್ಟರಲ್ಲಿ ಹಿಂದಿನದು ಬಿತ್ತು. ಈಗ ನನ್ನ ಕಾಲಡಿದೂ ಇಳೀತಾ ಇದೆ."

"ಅಪ್ಪಾ," ಎಂದು ಚೂಟಿ ಅತ್ತಳು. ಏಳಲು ಹೊರಟಳು.

"ಏಳ್ಬೇಡ!" ಎಂದು ಟೈಲರ್ ಕಿರುಚಿದ. ಹುಡುಗಿ ಮತ್ತೆ ಕುಸಿದು ಕೂತಳು. ಎಲ್ಲೋ ಒಂದು ಮೊಳೆ ಕಿರ್ರೆಂದಿತು.

ಯಾವುದು ಗಟ್ಟಿ, ಯಾವುದು ಪೊಳ್ಳು? ಒಂದು ತಪ್ಪು ಹೇಳಿದರೆ ಅತ್ತೆಯೋ ಮಗಳೋ ಗಾಜಿನ ಮೇಲೆ. ಮೇಲಿನ ಕಿಟಕಿಯಿಂದ ಹೋಗೋಣವೆಂದರೆ ಅದಕ್ಕೆ ಮೂವತ್ತನಾಲ್ಕು ಸ್ಕ್ರೂ, ಎಲ್ಲವೂ ಒಳಗಿನಿಂದ. ಆ ಮನೆಯಲ್ಲಿ ಅವನು ನಿಜವಾಗಿ ಗಟ್ಟಿಯಾಗಿ ಮಾಡಿದ ಕೆಲಸ ಅದೊಂದೇ. ಹಲಗೆಗಳನ್ನು ದಿಟ್ಟಿಸಿ ನೋಡಿದ. ಎಲ್ಲವೂ ಒಂದೇ ಥರ. ತೊಟ್ಟು ನಿಂತ ಕೋಟಿನಲ್ಲಿ ಕಚ್ಚಾ ಹೊಲಿಗೆ ಎಲ್ಲಿದೆ ಎಂದು ಹೊರಗಿನಿಂದ ಯಾರಿಗೆ ಕಾಣುತ್ತದೆ?

ಹಾಗೆ ಅಂದುಕೊಂಡದ್ದೇ ಅವನಿಗೆ ದಾರಿ ಕಂಡಿತು. ಹೊರಗಿನಿಂದ ಕಾಣುವುದಿಲ್ಲ. ಕೋಟನ್ನು ತಿರುಗಿಸಿ ಒಳಮೈ ನೋಡಬೇಕು.

ಮೆಟ್ಟಿಲಿನ ಅಡಿಗೆ ನುಗ್ಗಿದ. ಬಿದ್ದ ಹಲಗೆ ಎರಡು ಗಾಜನ್ನು ಒಡೆದಿತ್ತು, ನಾಲ್ಕು ಇನ್ನೂ ನೆಟ್ಟಗೆ ನಿಂತಿದ್ದವು, ಒಡೆದ ಎರಡರ ಮೊನೆಗಳೂ ಸ್ಟ್ಯಾಂಡಿನಲ್ಲಿ ಎದ್ದು ನಿಂತಿದ್ದವು. ಬರಿಗೈಯಲ್ಲಿ ಒಂದೊಂದನ್ನೇ ಎತ್ತಿ ಹೊರಗೆ ಸಾಗಿಸಿದ. ಅಂಗೈ ಕೊಯ್ದು ರಕ್ತ ಮೊಣಕೈಗೆ ಇಳಿಯಿತು. ಅದರ ಕಡೆ ಲಕ್ಷ್ಯವಿರಲಿಲ್ಲ. ಫೋನಿನ ಟಾರ್ಚು ಹಾಕಿ ಮೇಲೆ ನೋಡಿದ. ಎಲ್ಲವೂ ಕಣ್ಣಿಗೆ ಹೊಡೆದಂತೆ ಕಂಡಿತು. ಸ್ಕ್ರೂ ಇದ್ದ ಪಟ್ಟಿಗಳಲ್ಲಿ ಹೊಳೆಯುವ ತಲೆಗಳು. ಇಲ್ಲದ ಕಡೆ ತೆಳ್ಳನೆಯ ಮೊಳೆಗಳು, ಅಷ್ಟೇ. ಎರಡು, ಐದು, ಆರು, ಎಂಟು, ಹತ್ತು, ಹನ್ನೆರಡು.

ಚೂಟಿ ಕೂತಿದ್ದದ್ದು ಹನ್ನೆರಡರ ಮೇಲೆ. ಅತ್ತೆ ನಿಂತಿದ್ದ ಆರನೆಯದರ ಗೋಡೆಬದಿಯ ಪಟ್ಟಿ ಆಗಲೇ ಒಂದು ಬೆರಳಿನಷ್ಟು ಜಾರಿ, ಮೊಳೆಗಳು ಬಾಗಿಹೋಗಿದ್ದವು. ಟೈಲರ್ ಆ ಹಲಗೆಯ ಅಡಿಗೆ ಹೋಗಿ, ಎರಡು ಕೈಯನ್ನೂ ತೊಡೆಯ ಮೇಲೆ ಊರಿ, ಬೆನ್ನು ಬಾಗಿಸಿ ಹಲಗೆಗೆ ಒತ್ತುಕೊಟ್ಟು ನಿಂತ.

"ಚೂಟಿ, ಕೇಳು ಕಂದಾ. ಕೂತ್ಕೊಂಡೇ ಹಿಂದಕ್ಕೆ ಜರುಗು. ಮೇಲಿನ ಮೆಟ್ಟಿಲು ಗಟ್ಟಿ ಇದೆ. ಅದರ ಮೇಲೆ ಕೈ ಊರಿ ಮೇಲಕ್ಕೆ ಹೋಗು."

"ನಾನು ಬರಲ್ಲ. ನೀನು ಆವತ್ತೂ ಗಟ್ಟಿ ಇದೆ ಅಂದಿದ್ದೆ."

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಜೀವಮಾನದಲ್ಲಿ ಅವನಿಗೆ ಅಷ್ಟು ಭಯ, ಅಷ್ಟು ನಾಚಿಕೆ ಒಟ್ಟಿಗೇ ಆದದ್ದು ಅದೇ ಮೊದಲು.

"ಚೂಟಿ," ಎಂದರು ಅತ್ತೆ. ಅವರ ಕಾಲಿನ ನಡುಕ ಹಲಗೆಯಿಂದ ಅವನ ಬೆನ್ನಿಗೆ ಬರುತ್ತಿತ್ತು, ದನಿಯಲ್ಲಿ ಮಾತ್ರ ನಡುಕವಿರಲಿಲ್ಲ. "ಆವತ್ತು ನಿಮ್ಮಪ್ಪ ಮೇಲೆ ನಿಂತು ಹೇಳಿದ್ದ. ಈಗ ಕೆಳಗೆ ನಿಂತು ನೋಡಿ ಹೇಳ್ತಿದ್ದಾನೆ. ಅವನು ಹೇಳಿದ ಹಾಗೆ ಮಾಡು."

ಆಮೇಲೆ ಬಟ್ಟೆ ಮರಕ್ಕೆ ಉಜ್ಜಿದ ಸದ್ದು. ಮೊಳೆ ಕಿರುಗುಟ್ಟಿದ ಸದ್ದು. ಮತ್ತೆ, ಮೇಲಿನ ಕೋಣೆಯ ನೆಲದ ಮೇಲೆ ಪುಟ್ಟ ಹೆಜ್ಜೆಗಳ ಸದ್ದು.

"ಹತ್ತಿದೆ ಅಪ್ಪಾ!"

"ಕೋಣೆಯಿಂದ ಆಚೆ ಬರಬೇಡ," ಎಂದ. "ಅತ್ತೆ, ಈಗ ನೀವು. ಈ ಹಲಗೆ ನನ್ನ ಬೆನ್ನ ಮೇಲಿದೆ. ಕಂಡಿ ದಾಟಿ ಕಾಲು ಕೆಳಗೆ ಚಾಚಿ. ಅದು ನಾಲ್ಕನೇದು, ಗಟ್ಟಿ. ಅದರ ಕೆಳಗಿನದೂ ಗಟ್ಟಿ. ಅದಾದ ಮೇಲೆ ಎರಡನೇದು ಬಿಟ್ಟು ಒಂದನೇದಕ್ಕೆ."

"ನನ್ನ ಭಾರ ಎಷ್ಟಿದೆ ಅಂತ ಗೊತ್ತಾ?"

"ಅಳತೆ ತಗೊಂಡಿದ್ದೀನಲ್ಲ. ಗೊತ್ತು."

ಅತ್ತೆ ಒಂದು ಕಾಲನ್ನು ಕೆಳಗೆ ಚಾಚಿದರು. ಭಾರವೆಲ್ಲ ಇನ್ನೊಂದು ಕಾಲಿಗೆ ಬಂದಾಗ ಪಟ್ಟಿಯ ಮೊಳೆಗಳು ಕಿತ್ತುಕೊಂಡವು. ಹಲಗೆ, ಅದರ ಮೇಲಿನ ಅತ್ತೆ, ಎಲ್ಲವೂ ಅವನ ಬೆನ್ನಿಗೆ ಬಂತು. ಕಣ್ಣು ಕತ್ತಲಿಟ್ಟಿತು. ಮಂಡಿ ಬಾಗಿತು. ಬಾಗಿದ ಮಂಡಿಯನ್ನು ಹಲ್ಲು ಕಚ್ಚಿ ನೆಟ್ಟಗೆ ಮಾಡಿದ. ಮೂರು ಉಸಿರಿನಷ್ಟು ಹೊತ್ತು ಅವನು ಆ ಮನೆಯ ಆರನೆಯ ಮೆಟ್ಟಿಲಾಗಿ ನಿಂತ. ಆಮೇಲೆ ಭಾರ ಇಳಿಯಿತು. ನಾಲ್ಕನೆಯದರ ಮೇಲೆ ಹೆಜ್ಜೆ, ಮೂರನೆಯದರ ಮೇಲೆ ಹೆಜ್ಜೆ, ಒಂದು ತಡೆ, ಕೊನೆಗೆ ಬೆತ್ತದ ಕುರ್ಚಿ ಕಿರ್ ಎಂದಿತು.

ಅವನು ಹೊರಗೆ ಬಂದಾಗ ಅತ್ತೆಯ ಮುಖ ಬಿಳಿಚಿತ್ತು. ಅವರೇ ಅವನ ಕೊರಳಿನ ಟೇಪು ಎಳೆದು ಅವನ ಅಂಗೈಗೆ ಬಿಗಿಯಾಗಿ ಸುತ್ತಿದರು.

"ಮುಗಿದಿಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದ. "ಗುರುತು ಹೋಗಿತ್ತಲ್ಲ."

"ಗುರುತು ಹೋದ್ರೇನು? ಮುಗಿಸಿದ್ರೆ ನೀವು ಬೀದಿಗೆಲ್ಲ ಕೇಳೋ ಹಾಗೆ ಕೂಗಿರ್ತಿದ್ರಿ. ಎರಡು ದಿನದಿಂದ ನಿಮ್ಮ ಬಾಯಿಂದ ಮೆಟ್ಟಿಲ ಮಾತೇ ಇಲ್ಲ."

ಟೈಲರ್ ಸ್ಕ್ರೂ ಇದ್ದ ಮೆಟ್ಟಿಲುಗಳನ್ನಷ್ಟೇ ತುಳಿದು, ನಾಲ್ಕರಿಂದ ಏಳಕ್ಕೆ ತೊಲೆ ಹಿಡಿದು ತೆವಳಿ, ಮೇಲೆ ಹೋದ. ಚೂಟಿಯನ್ನು ಅಪ್ಪಿಕೊಂಡು ಕೂತ. ಎಷ್ಟು ಹೊತ್ತು ಕೂತನೋ ಅವನಿಗೇ ತಿಳಿಯಲಿಲ್ಲ. ನಂತರ ಕಿಟಕಿಯ ಬಳಿ ಹೋಗಿ ಪ್ಲೈವುಡ್ಡಿನಿಂದ ಇಪ್ಪತ್ತನಾಲ್ಕು ಸ್ಕ್ರೂ ಬಿಚ್ಚಿದ. ಉಳಿದ ಹತ್ತರಲ್ಲೇ ಅದು ಕದಲದೆ ನಿಂತಿತು. ಅಲ್ಲೇ ಬಿದ್ದಿದ್ದ ಡ್ರಿಲ್ಲು ಎತ್ತಿಕೊಂಡು, ಮೇಲಿನಿಂದ ಕೆಳಕ್ಕೆ, ಒಂದೊಂದು ಹಲಗೆ ಎತ್ತಿ, ಪಟ್ಟಿ ಬಿಗಿದು, ಹಲಗೆ ಕೂರಿಸಿ ಬಂದ. ಈ ಸಲ ಒಂದು ಪೂರ್ತಿ ಮುಗಿದ ಮೇಲೆಯೇ ಇನ್ನೊಂದು. ಬಿದ್ದ ಎರಡನ್ನೂ ಎತ್ತಿ ತಂದು ಹಾಕಿದ. ಎಲ್ಲ ಆದಾಗ ಮಧ್ಯಾಹ್ನ ಮೂರು ಗಂಟೆ.

"ಅಪ್ಪಾ, ಮುಗೀತಾ? ಬರ್ಲಾ?" ಎಂದು ಮೇಲಿನಿಂದ ಚೂಟಿ ಕೇಳಿದಳು.

ಟೈಲರ್ ಟಾರ್ಚು ಹಿಡಿದು ಮೆಟ್ಟಿಲಿನ ಅಡಿಗೆ ಹೋದ. ಒಂದೊಂದು ಪಟ್ಟಿಯನ್ನೂ ಕೈಯಿಂದ ಎಳೆದು ನೋಡಿದ. ಹೊರಗೆ ಬಂದ. ಮತ್ತೆ ಒಳಗೆ ಹೋದ.

"ಅಪ್ಪಾ? ಬರ್ಲಾ?"

"ತಾಳು," ಎಂದ. ಮೂರನೆಯ ಸಲ ಅಡಿಗೆ ಹೋಗಿ ನೋಡಿದ. ಐವತ್ತೆರಡು ಸ್ಕ್ರೂಗಳನ್ನೂ ಎಣಿಸಿದ. ಹೊರಗೆ ಬಂದು ಮೊದಲ ಮೆಟ್ಟಿಲ ಮುಂದೆ ನಿಂತ. ಮುಗೀತು ಎಂಬ ಒಂದು ಮಾತು ಅವನ ಗಂಟಲಿನಿಂದ ಆಚೆಗೆ ಬರಲೇ ಇಲ್ಲ.

ಅತ್ತೆ ಮಂಡಿ ಹಿಡಿದುಕೊಂಡು ಕುರ್ಚಿಯಿಂದ ಎದ್ದರು. ಅವನನ್ನು ಬದಿಗೆ ಸರಿಸಿ ಮೊದಲ ಮೆಟ್ಟಿಲ ನಡುಮಧ್ಯಕ್ಕೆ ಕಾಲಿಟ್ಟರು.

"ಅತ್ತೆ, ಬೇಡ, ಇನ್ನೊಂದ್ಸಲ ನಾನು..."

"ಸುಮ್ನಿರಿ."

ಒಂದೊಂದು ಮೆಟ್ಟಿಲ ಮೇಲೂ ಎರಡೂ ಕಾಲಿಟ್ಟು, ನಿಂತು, ಉಸಿರು ತೆಗೆದುಕೊಂಡು ಹತ್ತಿದರು. ಐದನೆಯದರ ಮೇಲೆ, ಆರನೆಯದರ ಮೇಲೆ ಅವನ ಜೀವ ಬಾಯಿಗೆ ಬಂತು. ಕೈಯನ್ನು ಗಾಳಿಯಲ್ಲಿ ಚಾಚಿ ಕೆಳಗೇ ಜೊತೆಜೊತೆಗೆ ನಡೆದ. ಹದಿಮೂರೂ ಮುಗಿದವು. ಅತ್ತೆ ಚೂಟಿಯ ಕೈ ಹಿಡಿದುಕೊಂಡು, ಅದೇ ನಿಧಾನದಲ್ಲಿ, ನಡುಮಧ್ಯದಲ್ಲೇ ಇಳಿದು ಬಂದು ಮೊಮ್ಮಗಳನ್ನು ಅವನಿಗೆ ಒಪ್ಪಿಸಿದರು.

"ಈಗ ಹೇಳ್ಕೊಳ್ಳಿ ಊರಿಗೆಲ್ಲ," ಎಂದು ಕುರ್ಚಿಯಲ್ಲಿ ಕೂತರು.

ಅವನು ಯಾರಿಗೂ ಹೇಳಲಿಲ್ಲ. ಸಂಜೆ ಹೆಂಡತಿ ಬಂದು, ಒಡೆದ ಗಾಜನ್ನೂ ಕಟ್ಟಿದ ಕೈಯನ್ನೂ ನೋಡಿ ಗಾಬರಿಯಿಂದ ಏನಾಯಿತೆಂದು ಕೇಳಿದಾಗ, ಮೆಟ್ಟಿಲ ವಿಷಯವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ್ದು ಅತ್ತೆಯೇ.